ಗಣಕದ ಊರು ಮತ್ತು ಜನರ ಊರು: ಐದು ತಾಲ್ಲೂಕುಗಳ ನೆಲೆಯಿಂದ ಒಂದು ವಿಮರ್ಶೆ

ಊರುಗಳು ಏಕೆ ಬೆಳೆಯುತ್ತವೆ, ಏಕೆ ಸೊರಗುತ್ತವೆ, ಜನರು ಒಂದೆಡೆಯನ್ನು ಬಿಟ್ಟು ಇನ್ನೊಂದೆಡೆಗೆ ಏಕೆ ಸಾಗುತ್ತಾರೆ ಎಂಬ ಪ್ರಶ್ನೆಗಳಿಗೆ ಭೂಗೋಳಶಾಸ್ತ್ರವು ಬಹುಕಾಲದಿಂದ ಉತ್ತರವನ್ನು ಅರಸುತ್ತ ಬಂದಿದೆ. ಕಳೆದ ಅರ್ಧ ಶತಮಾನಕ್ಕೂ ಮೀರಿದ ಅವಧಿಯಲ್ಲಿ ಈ ಅನ್ವೇಷಣೆಗೆ ಒಂದು ಹೊಸ ಸಾಧನ ದೊರೆತಿದೆ. ಮನೆ, ರಸ್ತೆ, ಕೆರೆ, ಜನಸಂಖ್ಯೆ ಮೊದಲಾದ ಸಂಗತಿಗಳನ್ನು ಅವುಗಳ ಸ್ಥಾನನಿರ್ದೇಶದೊಡನೆ ಗಣಕಯಂತ್ರಕ್ಕೆ ಒಪ್ಪಿಸಿ, ಕೆಲವು ನಿಯಮಗಳನ್ನು ವಿಧಿಸಿ, ಊರಿನ ಪ್ರತಿರೂಪವೊಂದನ್ನು ಅದರೊಳಗೆ ನಡೆಸಿ ನೋಡುವುದೇ ಆ ಸಾಧನ. ಇದನ್ನು ಸಿಮ್ಯುಲೇಷನ್ ಎಂದು ಕರೆಯುವುದು ರೂಢಿ. ನಾವು ಇಲ್ಲಿ ಗಣಕ ಪ್ರತಿರೂಪವೆಂಬ ಮಾತನ್ನು ಬಳಸುತ್ತೇವೆ. ಈ ವಿಧಾನದ ಗುಣದೋಷಗಳನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳನ್ನು ಒರೆಗಲ್ಲಾಗಿ ಇಟ್ಟುಕೊಂಡು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಐದನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಗಣಕ ಪ್ರತಿರೂಪಗಳನ್ನು ಕಲ್ಪಿಸಿದ ವಿದ್ವಾಂಸರ ಕಣ್ಣೆದುರಿಗೆ ಇದ್ದುವು ಬಹುಮಟ್ಟಿಗೆ ಮಹಾನಗರಗಳು. ಮಳೆಯನ್ನೇ ನೆಚ್ಚಿದ ಬಯಲುಸೀಮೆಯ ಈ ತಾಲ್ಲೂಕುಗಳಲ್ಲಿ ಇರುವುದು ಸಂತೆಯ ಊರುಗಳು, ಜಾತ್ರೆಯ ಊರುಗಳು, ಹಟ್ಟಿಗಳು, ತಾಂಡಾಗಳು. ಮಹಾನಗರಕ್ಕೆ ಹೊಲಿದ ಅಂಗಿ ಇವುಗಳ ಮೈಗೆ ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮೊದಲು ವಿಧಾನದ ಹಿರಿಮೆಯನ್ನು ಒಪ್ಪಿಕೊಳ್ಳುವುದು ನ್ಯಾಯ. ಸ್ವೀಡನ್ನಿನ ಟೋರ್ಸ್ಟೆನ್ ಹೇಗರ್‌ಸ್ಟ್ರಾಂಡ್ 1953ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊಸ ಬೇಸಾಯಪದ್ಧತಿಗಳು ರೈತರಿಂದ ರೈತರಿಗೆ ಹರಡುವ ಬಗೆಯನ್ನು ಯಾದೃಚ್ಛಿಕ ಸಂಖ್ಯೆಗಳ ನೆರವಿನಿಂದ ಅನುಕರಿಸಿ ತೋರಿಸಿದರು. ಅಮೆರಿಕದ ವಾಲ್ಡೋ ಟಾಬ್ಲರ್ 1970ರಲ್ಲಿ ಡೆಟ್ರಾಯಿಟ್ ಪ್ರದೇಶದ ಬೆಳವಣಿಗೆಯನ್ನು ಗಣಕಯಂತ್ರದ ಚಲಚ್ಚಿತ್ರವಾಗಿ ರೂಪಿಸಿದರು. ಎಲ್ಲವೂ ಎಲ್ಲದರೊಡನೆ ಸಂಬಂಧಿಸಿದ್ದರೂ ಹತ್ತಿರದ್ದರ ಸಂಬಂಧ ದೂರದ್ದಕ್ಕಿಂತ ಬಲವಾದುದೆಂಬ ಸೂತ್ರ ಪ್ರಸಿದ್ಧವಾದದ್ದು ಆ ಲೇಖನದಿಂದಲೇ. ಅನಂತರ ನೆಲವನ್ನು ಚೌಕಗಳಾಗಿ ವಿಭಾಗಿಸಿ, ನೆರೆಯ ಚೌಕಗಳ ಸ್ಥಿತಿಯನ್ನು ಅನುಸರಿಸಿ ಪ್ರತಿ ಚೌಕವೂ ಹೊಲವಾಗಿ ಉಳಿಯುವುದೋ ಕಟ್ಟಡವಾಗುವುದೋ ಎಂದು ಗಣಿಸುವ ಪದ್ಧತಿ ಬಳಕೆಗೆ ಬಂದಿತು. ನಮ್ಮ ನಾಡಿನಲ್ಲಿಯೇ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಉಪಗ್ರಹ ಚಿತ್ರಗಳ ಆಧಾರದಿಂದ, 1973ರಿಂದ ಈಚೆಗೆ ಬೆಂಗಳೂರಿನಲ್ಲಿ ಕಟ್ಟಡಗಳು ಹಬ್ಬಿ ಕೆರೆಗಳೂ ಹಸಿರೂ ಕುಗ್ಗಿದ ಬಗೆಯನ್ನು ಅಳೆದಿದ್ದಾರೆ. ಮುಂದಿನ ವಿಸ್ತಾರವನ್ನೂ ಇಂಥ ಪದ್ಧತಿಗಳಿಂದ ಗಣಿಸಿದ್ದಾರೆ. ಒಂದು ಕೆರೆ ಮುಚ್ಚಿಹೋದುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ ಈ ಕೆಲಸದ ಉಪಕಾರವನ್ನು ಅಲ್ಲಗಳೆಯಲಾಗದು.

ಆದರೆ ಪ್ರತಿರೂಪವು ತನಗೆ ಕೊಟ್ಟದ್ದನ್ನಲ್ಲದೆ ಬೇರೇನನ್ನೂ ಅರಿಯದು. ಕೊಡುವ ಅಂಕಿಗಳು ಗಡಿ, ದೂರ, ವಸತಿ ಎಂಬ ಮೂರು ಆಧಾರಗಳ ಮೇಲೆ ನಿಲ್ಲುತ್ತವೆ. ಈ ಮೂರನ್ನೂ ಒಂದೊಂದಾಗಿ ನಮ್ಮ ಐದು ತಾಲ್ಲೂಕುಗಳಲ್ಲಿ ಪರೀಕ್ಷಿಸೋಣ.

ಮೊದಲನೆಯದು ಗಡಿ. ಹರಪನಹಳ್ಳಿಯ ಇತಿಹಾಸವನ್ನು ನೋಡಬಹುದು. 1953ರ ಅಕ್ಟೋಬರ್ 1ರವರೆಗೆ ಅದು ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಅಂದು ಆ ಜಿಲ್ಲೆಯ ಕನ್ನಡ ತಾಲ್ಲೂಕುಗಳೊಡನೆ ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ಹೊಸದಾಗಿ ರಚಿತವಾದ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಮರಳಿ ಬಳ್ಳಾರಿಗೆ ಬಂದಿತು. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗುಳ್ಳ ವಿಜಯನಗರ ಜಿಲ್ಲೆಯ ಭಾಗವಾಯಿತು. ಕೊಟ್ಟೂರಿನ ಸಂಗತಿ ಇನ್ನೊಂದು ಬಗೆಯದು. 2011ರ ಜನಗಣತಿಯಲ್ಲಿ ಕೊಟ್ಟೂರು ತಾಲ್ಲೂಕೆಂಬುದೇ ಇರಲಿಲ್ಲ; ಅದು ಕೂಡ್ಲಿಗಿ ತಾಲ್ಲೂಕಿನ ಒಂದು ಪಟ್ಟಣವಾಗಿತ್ತು. 2017ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಅದೂ ಒಂದಾಯಿತು.

2021ರಲ್ಲಿ ನಡೆಯಬೇಕಾಗಿದ್ದ ಗಣತಿ ಆ ವರ್ಷ ನಡೆಯಲಿಲ್ಲ. ಮುಂದಿನ ಗಣತಿಗೆ 2027ರ ಮಾರ್ಚ್ 1ನ್ನು ನಿರ್ದೇಶದ ದಿನವಾಗಿ 2025ರಲ್ಲಿ ಪ್ರಕಟಿಸಲಾಯಿತು. 2011ರ ಅಂಕಿಗಳನ್ನೂ ಆ ಗಣತಿಯ ಅಂಕಿಗಳನ್ನೂ ತಾಲ್ಲೂಕುವಾರು ಅಕ್ಕಪಕ್ಕ ಇಟ್ಟರೆ, ಕೂಡ್ಲಿಗಿಯ ಜನಸಂಖ್ಯೆ ಹಠಾತ್ತಾಗಿ ಕುಗ್ಗಿದಂತೆ ತೋರುವುದು. ದಾವಣಗೆರೆ, ಬಳ್ಳಾರಿ ಜಿಲ್ಲೆಗಳೂ ತಾವು ಕಳೆದುಕೊಂಡ ತಾಲ್ಲೂಕುಗಳಷ್ಟು ಕ್ಷೀಣಿಸಿದಂತೆ ತೋರುವುವು. ಒಬ್ಬನೂ ಊರು ಬಿಡದೆ ಇದ್ದರೂ ಗಣಕಯಂತ್ರ ಇದನ್ನು ವಲಸೆಯೆಂದು ಬಗೆದು, ಆ ವಲಸೆಯನ್ನು ಮುಂದಕ್ಕೂ ಬೆಳೆಸಿಕೊಂಡು ಹೋಗಬಹುದು. ಘಟಕಗಳ ಗಡಿಯನ್ನು ಬದಲಿಸಿದರೆ ಫಲಿತಾಂಶವೇ ಬದಲಾಗುವ ಈ ತೊಡಕನ್ನು ಬ್ರಿಟಿಷ್ ಭೂಗೋಳಜ್ಞ ಸ್ಟಾನ್ ಓಪನ್‌ಷಾ 1984ರಲ್ಲಿ ವಿಸ್ತಾರವಾಗಿ ವಿವೇಚಿಸಿದ್ದಾರೆ. ಅವರ ವಿವೇಚನೆಗೆ ಹರಪನಹಳ್ಳಿ, ಕೊಟ್ಟೂರುಗಳಿಗಿಂತ ಸ್ಪಷ್ಟವಾದ ನಿದರ್ಶನ ಸುಲಭವಾಗಿ ಸಿಗಲಾರದು.

ಎರಡನೆಯದು ದೂರ. ಹತ್ತಿರದ ದೊಡ್ಡ ಊರು ಸುತ್ತಲಿನ ಚಿಕ್ಕ ಊರುಗಳನ್ನು ಸೆಳೆಯುತ್ತದೆಂಬ ಗುರುತ್ವ ಸೂತ್ರವನ್ನು ಅನ್ವಯಿಸಿದರೆ ಹರಪನಹಳ್ಳಿ ದಾವಣಗೆರೆಯ ಪಾಲಾಗಬೇಕು. ಬಳ್ಳಾರಿ, ಹೊಸಪೇಟೆಗಳಿಗಿಂತ ದಾವಣಗೆರೆಯೇ ಅದಕ್ಕೆ ಸಮೀಪ. ಆದರೂ ತಾಲ್ಲೂಕಿನ ಜನರು ದೂರದ ಬಳ್ಳಾರಿಗೆ ಮರಳಬೇಕೆಂದು ಹೋರಾಡಿದರು. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371ಜೆ ವಿಧಿ ಅದಕ್ಕೆ ಮುಖ್ಯ ಕಾರಣ. ಆ ವಿಧಿಯನ್ವಯ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳವರಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲು ದೊರೆಯಿತು, ದಾವಣಗೆರೆಗೆ ದೊರೆಯಲಿಲ್ಲ. ಒಬ್ಬ ವಿದ್ಯಾರ್ಥಿಗೆ ಕಾಲೇಜು ಎಷ್ಟು ಮೈಲಿ ದೂರವೆಂಬುದರಷ್ಟೇ, ಅದರ ಬಾಗಿಲು ತನಗೆ ತೆರೆದಿದೆಯೆ ಎಂಬುದೂ ಮುಖ್ಯ. ಮೈಲಿಯನ್ನು ಅಳೆಯುವ ಪ್ರತಿರೂಪ ಬಾಗಿಲನ್ನು ಕಾಣದು.

ದಾರಿಯ ವಿಷಯವೂ ಹೀಗೆಯೇ. ಹೊಸಪೇಟೆ–ಕೊಟ್ಟೂರು ರೈಲುಮಾರ್ಗ ಅಗಲ ಹಳಿಗೆ ಪರಿವರ್ತಿತವಾದ ಮೇಲೆಯೂ ಬಹುವರ್ಷಗಳ ಕಾಲ ಅಲ್ಲಿ ಪ್ರಯಾಣಿಕರ ಗಾಡಿ ಓಡಲಿಲ್ಲ. ಅದು ಓಡತೊಡಗಿದ್ದು 2019ರಲ್ಲಿ. ಅಲ್ಲಿಯತನಕ ನಕ್ಷೆಯಲ್ಲಿ ಹಳಿಯಿತ್ತು, ಜನರಿಗೆ ರೈಲಿರಲಿಲ್ಲ. ಹಡಗಲಿಯ ಮಲ್ಲಿಗೆಯ ಬೆಳೆಗಾರನಿಗೆ ದೂರವೆಂದರೆ ಮೊಗ್ಗು ಅರಳುವುದರೊಳಗೆ ಮಾರುಕಟ್ಟೆ ಮುಟ್ಟುವ ಹೊತ್ತು. ಬೆಳಗಿನ ಬಸ್ಸು ತಪ್ಪಿದರೆ ಅದೇ ಮಾರುಕಟ್ಟೆ ಆ ದಿನದ ಮಟ್ಟಿಗೆ ಅವನಿಗೆ ಇಲ್ಲವೆಂದೇ ಲೆಕ್ಕ. ಹಡಗಲಿ ತಾಲ್ಲೂಕಿನ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಆಚೆ ದಡದ ಊರು ಕಣ್ಣಿಗೆ ಕಾಣುವಷ್ಟು ಸಮೀಪವಿದ್ದರೂ ಸೇತುವೆಯಿರುವ ಕಡೆ ಸುತ್ತಿ ಹೋಗಬೇಕಾಗುತ್ತದೆ. ನೇರ ರೇಖೆಯ ದೂರವನ್ನು ನಂಬಿದ ಗಣನೆ ಇಲ್ಲಿ ನೀರಿನಲ್ಲಿ ನಡೆಯುವುದು.

ಮೂರನೆಯದೂ ಅತ್ಯಂತ ಗಂಭೀರವಾದುದೂ ವಸತಿಯ ಪ್ರಶ್ನೆ. ನಮ್ಮ ಕಂದಾಯ ದಾಖಲೆಗಳಲ್ಲಿ ಬೇಚರಾಕ್ ಗ್ರಾಮವೆಂಬ ಒಂದು ವರ್ಗವುಂಟು. ದೀಪವಿಲ್ಲದ್ದು ಎಂಬ ಅರ್ಥದ ಪಾರಸಿ ಮಾತಿನಿಂದ ಬಂದ ಹೆಸರಿದು. ಅಂಥ ಗ್ರಾಮಕ್ಕೆ ಹೆಸರಿದೆ, ಎಲ್ಲೆಯಿದೆ, ಸರ್ವೆ ನಂಬರುಗಳಿವೆ. ವಾಸಿಸುವವರು ಮಾತ್ರ ಇಲ್ಲ. ಇದಕ್ಕೆ ತದ್ವಿರುದ್ಧವಾಗಿ ಲಂಬಾಣಿ ತಾಂಡಾಗಳೂ ಗೊಲ್ಲರಹಟ್ಟಿಗಳೂ ತಲೆಮಾರುಗಳಿಂದ ಜನವಸತಿಯಾಗಿದ್ದರೂ ಬಹುಕಾಲ ಯಾವುದೋ ಗ್ರಾಮದ ಎಲ್ಲೆಯೊಳಗಿನ ಅನಾಮಧೇಯ ಗುಂಪುಗಳಾಗಿಯೇ ಉಳಿದುವು. ಈಚಿನ ವರ್ಷಗಳಲ್ಲಿ ಭೂ ಸುಧಾರಣಾ ಕಾಯಿದೆಯ ತಿದ್ದುಪಡಿಯ ಮೂಲಕ ಅವುಗಳನ್ನು ಕಂದಾಯ ಗ್ರಾಮಗಳಾಗಿ ಮಾನ್ಯಮಾಡುವ ಕಾರ್ಯ ನಡೆದಿರುವುದು ಸಮಾಧಾನದ ಸಂಗತಿ. ಆದರೆ 2011ರ ಗ್ರಾಮಸೀಮೆಗಳನ್ನು ಆಧರಿಸಿದ ಯಾವ ಪ್ರತಿರೂಪದಲ್ಲಿಯೂ ತಾಂಡಾದ ಜನರು ಮೂಲಗ್ರಾಮದ ಸರಾಸರಿಯಲ್ಲಿ ಕರಗಿಹೋಗಿರುತ್ತಾರೆ. ಹೀಗೆ ಜನರಿಲ್ಲದ ಊರು ನಕ್ಷೆಯಲ್ಲಿದೆ. ಜನರಿರುವ ಊರು ನಕ್ಷೆಯಲ್ಲಿಲ್ಲ. ಹಗರಿಬೊಮ್ಮನಹಳ್ಳಿಯ ಕಡೆ ತುಂಗಭದ್ರಾ ಜಲಾಶಯದ ಹಿನ್ನೀರು ಇನ್ನೊಂದು ಪಾಠವನ್ನು ಹೇಳುತ್ತದೆ. 1953ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟಿನಿಂದ ಅನೇಕ ಊರುಗಳು ಮುಳುಗಿ, ಜನರು ಬೇರೆಡೆ ನೆಲಸಬೇಕಾಯಿತು. ಅಲ್ಲಿನ ಹಳೆಯ ಗಣತಿಯ ಹೆಸರನ್ನು ಇಂದಿನ ಸ್ಥಾನಕ್ಕೆ ಹೊಂದಿಸುವ ಮುನ್ನ ಯಾರಾದರೂ ಹಿರಿಯರನ್ನು ಕೇಳುವುದು ಅವಶ್ಯ.

ಉಪಗ್ರಹವು ಮನೆಯ ಛಾವಣಿಯನ್ನೂ ರಾತ್ರಿಯ ಬೆಳಕನ್ನೂ ಕಾಣುತ್ತದಲ್ಲ, ಅದರಿಂದ ಜನರನ್ನು ಎಣಿಸಬಹುದಲ್ಲ ಎಂದು ಕೆಲವರು ಹೇಳಬಹುದು. ಜಗತ್ತಿನ ನೆಲವನ್ನೆಲ್ಲ ಚೌಕಗಳಾಗಿ ಹಂಚಿ ಪ್ರತಿ ಚೌಕಕ್ಕೂ ಜನಸಂಖ್ಯೆಯನ್ನು ಅಂದಾಜುಮಾಡುವ ದತ್ತಾಂಶಗಳು ಇಂಥ ಕುರುಹುಗಳ ಮೇಲೆಯೇ ನಿಂತಿವೆ. ಆದರೆ ಬೀದಿದೀಪ ಉರಿಯುವ ತಾಂಡಾದಲ್ಲಿ ಮನೆಗಳಿಗೆ ಬೀಗ ಬಿದ್ದಿರಬಹುದು. ಸುಗ್ಗಿ ಮುಗಿದ ಮೇಲೆ ಈ ತಾಲ್ಲೂಕುಗಳಿಂದ ಅನೇಕ ಕುಟುಂಬಗಳು ಮಲೆನಾಡಿನ ಕಾಫಿ ತೋಟಗಳಿಗೆ, ಕಬ್ಬಿನ ಸೀಮೆಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವುದು ಸರ್ವವಿದಿತ. ಬೆಳಕು ಇದ್ದಮಾತ್ರಕ್ಕೆ ಜನರು ಇದ್ದಾರೆಂದು ಹೇಳಲಾಗದು.

ಗಣತಿಯ ಕಾಲವನ್ನೂ ಗಮನಿಸಬೇಕು. 2011ರಲ್ಲಿ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಆ ಅವಧಿಯುದ್ದಕ್ಕೂ ಮನೆಗೆ ಬಾರದವರು ತಾವಿದ್ದ ಸ್ಥಳದಲ್ಲಿಯೇ ಎಣಿಕೆಗೆ ಸೇರಬೇಕೆಂಬುದು ನಿಯಮ. ಗುಳೆ ಹೋದವರು ಊರಿನ ಲೆಕ್ಕದಿಂದ ಜಾರುವುದು ಹೀಗೆ. ಸುಮಾರಾಗಿ ಅದೇ ದಿನಗಳಲ್ಲಿ, ಭರತ ಹುಣ್ಣಿಮೆಯ ಸಂದರ್ಭದಲ್ಲಿ, ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕಕ್ಕೆ ಜನಸಾಗರ ಸೇರುತ್ತದೆ. ಮಾಘ ಬಹುಳದಲ್ಲಿ ಕೊಟ್ಟೂರಿನ ಗುರುಬಸವೇಶ್ವರ ಸ್ವಾಮಿಯ ರಥೋತ್ಸವಕ್ಕೆ ದಾವಣಗೆರೆಯಿಂದ ಭಕ್ತರು ಕಾಲ್ನಡಿಗೆಯಲ್ಲಿ ಬರುತ್ತಾರೆ. ಆ ಕೆಲವು ದಿನಗಳ ಕೊಟ್ಟೂರು ವರ್ಷದ ಉಳಿದ ದಿನಗಳ ಕೊಟ್ಟೂರಲ್ಲ. ನೀರು, ನೆರಳು, ಶೌಚ, ವೈದ್ಯೋಪಚಾರ ಇವುಗಳ ಅಗತ್ಯವನ್ನು ಸ್ಥಿರ ಜನಸಂಖ್ಯೆಯಿಂದ ಗಣಿಸುವ ಪ್ರತಿರೂಪಕ್ಕೆ ಇವೆರಡೂ ಕೇವಲ ಚಿಕ್ಕ ಊರುಗಳು.

ಇಂಥ ಆಕ್ಷೇಪಣೆಗಳು ಹೊಸವೇನೂ ಅಲ್ಲ. ಜೇ ಫಾರೆಸ್ಟರ್ 1969ರಲ್ಲಿ ಪ್ರಕಟಿಸಿದ ನಗರ ಚಲನಶಾಸ್ತ್ರದ ಗ್ರಂಥದಲ್ಲಿ, ಬಡವರಿಗಾಗಿ ಅಗ್ಗದ ಮನೆಗಳನ್ನು ಕಟ್ಟುವುದು ನಗರಕ್ಕೆ ಹಾನಿಕರವೆಂಬ ತೀರ್ಮಾನಕ್ಕೆ ಬಂದಿದ್ದರು. ಆ ತೀರ್ಮಾನ ಅವರು ವಿಧಿಸಿದ ನಿಯಮಗಳೊಳಗೇ ಅಡಗಿತ್ತೆಂಬ ಟೀಕೆ ಬಂದಿತು. ಡಗ್ಲಾಸ್ ಲೀ 1973ರಲ್ಲಿ ಬೃಹತ್ ಪ್ರತಿರೂಪಗಳಿಗೆ ಚರಮಗೀತೆಯನ್ನೇ ಬರೆದು, ಅತಿವ್ಯಾಪ್ತಿ, ಸ್ಥೂಲತೆ, ಅಂಕಿಗಳ ತೀರದ ಹಸಿವು ಮೊದಲಾದ ಏಳು ದೋಷಗಳನ್ನು ಎಣಿಸಿದರು. ಲೀ ಅವರ ಟೀಕೆಯ ಬಹುಭಾಗವನ್ನು ನಾವು ಒಪ್ಪುತ್ತೇವೆ. ಆದರೆ ಸಾಧನವನ್ನೇ ತೊರೆಯಬೇಕೆಂಬ ಧ್ವನಿ ನಮಗೆ ಸಮ್ಮತವಲ್ಲ. ನಮ್ಮ ಸಂಗತಿಗೆ ಹೆಚ್ಚು ಹೊಂದುವುದು ಹೇಗರ್‌ಸ್ಟ್ರಾಂಡ್ ಅವರು 1970ರಲ್ಲಿ ಪ್ರಕಟಿಸಿದ ಲೇಖನ. ಪ್ರಾದೇಶಿಕ ವಿಜ್ಞಾನದಲ್ಲಿ ಜನರ ಗತಿಯೇನೆಂದು ಅದು ಕೇಳುತ್ತದೆ. ಪ್ರತಿ ವ್ಯಕ್ತಿಯೂ ಕಾಲ ದೇಶಗಳೊಳಗೆ ಒಂದು ಪಥವನ್ನು ನಡೆಯುತ್ತಾನೆ. ದೇಹಶಕ್ತಿ, ಇತರರೊಡನೆ ಕೂಡಬೇಕಾದ ಅಗತ್ಯ, ಅಧಿಕಾರದ ಕಟ್ಟಳೆ ಎಂಬ ಮೂರು ನಿರ್ಬಂಧಗಳು ಆ ಪಥವನ್ನು ರೂಪಿಸುತ್ತವೆ ಎಂಬುದು ಅವರ ಮತ. ಮಲ್ಲಿಗೆಯ ಬಸ್ಸು ಎರಡನೆಯದಕ್ಕೂ 371ಜೆ ವಿಧಿ ಮೂರನೆಯದಕ್ಕೂ ನಮ್ಮ ನೆಲದ ಉದಾಹರಣೆಗಳು.

ಆದುದರಿಂದ ಈ ಐದು ತಾಲ್ಲೂಕುಗಳಿಗೆ ಪ್ರತಿರೂಪವನ್ನು ರಚಿಸುವವರು ಮೊದಲು ಮೂರು ಕೆಲಸಗಳನ್ನು ಮಾಡಬೇಕೆಂದು ನಾವು ಸೂಚಿಸುತ್ತೇವೆ. ಒಂದು, ತಾಲ್ಲೂಕನ್ನು ಬಿಟ್ಟು ಗ್ರಾಮ, ತಾಂಡಾ, ಹಟ್ಟಿಗಳನ್ನೇ ಘಟಕವಾಗಿ ಹಿಡಿದು, ಪ್ರತಿ ಘಟಕವೂ ಯಾವ ವರ್ಷ ಯಾವ ತಾಲ್ಲೂಕಿನಲ್ಲಿತ್ತೆಂಬ ಚರಿತ್ರೆಯನ್ನು ಬರೆದಿಡುವುದು. ಎರಡು, ದೂರವನ್ನು ಬಸ್ಸಿನ ವೇಳೆಯಲ್ಲಿಯೂ ಕಾಯಿದೆಯ ಅರ್ಹತೆಯಲ್ಲಿಯೂ ಅಳೆಯುವುದು. ಮೂರು, ಮುಂಗಾರು, ಸುಗ್ಗಿ, ಗುಳೆ, ಜಾತ್ರೆ ಎಂಬ ನಾಲ್ಕು ಕಾಲಗಳಿಗೆ ನಾಲ್ಕು ಬೇರೆ ಜನಸಂಖ್ಯೆಗಳನ್ನು ನಿರ್ಣಯಿಸುವುದು. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ದಿಶಾಂಕ್ ಇಂದು ನಿಂತ ನೆಲದ ಸರ್ವೆ ನಂಬರನ್ನು ಕೈಯೊಳಗಿನ ದೂರವಾಣಿಯಲ್ಲಿ ತೋರಿಸುತ್ತದೆ. ನೆಲದ ನಕ್ಷೆಗೆ ಕೊರತೆಯಿಲ್ಲ. ಕೊರತೆಯಿರುವುದು ಆ ನೆಲದ ಮೇಲೆ ಯಾರು ಯಾವ ತಿಂಗಳು ಇರುತ್ತಾರೆಂಬ ತಿಳಿವಳಿಕೆಗೆ. ಇದು ಉಪಗ್ರಹದಿಂದ ಬರುವಂಥದಲ್ಲ. ಇದೇ ತಾಲ್ಲೂಕುಗಳ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ವಿಚಾರಿಸಿ ಬರೆಯಬೇಕಾದದ್ದು.

ಇದು ವಿದ್ವಾಂಸರ ನಡುವಣ ವಾದವಷ್ಟೇ ಎಂದು ಯಾರೂ ಭಾವಿಸಬಾರದು. 2013ರ ಆಹಾರ ಭದ್ರತಾ ಕಾಯಿದೆಯಂತೆ ಎಷ್ಟು ಜನರಿಗೆ ಪಡಿತರ ಸಲ್ಲಬೇಕೆಂಬ ಮಿತಿ 2011ರ ಗಣತಿಯ ಮೇಲೆ ನಿಗದಿಯಾಯಿತು. ಶಾಲೆ, ಅಂಗನವಾಡಿ, ಆರೋಗ್ಯ ಉಪಕೇಂದ್ರಗಳ ಸ್ಥಳವೂ ಜನಸಂಖ್ಯೆಯನ್ನು ನೋಡಿಯೇ ನಿರ್ಧಾರವಾಗುತ್ತದೆ. ಅಂಕಿಯಲ್ಲಿ ಕಾಣದ ತಾಂಡಾದ ಮಗು ಗಣಕದ ಊರಿನಲ್ಲಿ ಹುಟ್ಟಿಯೇ ಇಲ್ಲ. ಜನರ ಊರಿನಲ್ಲಿ ಅದು ದಿನವೂ ಶಾಲೆಗೆ ನಡೆದು ಹೋಗಬೇಕು. ಈ ಎರಡು ಊರುಗಳ ನಡುವಣ ಅಂತರವನ್ನು ಮೊದಲು ಅಳೆಯದ ಪ್ರತಿರೂಪವನ್ನು, ಅದೆಷ್ಟು ಚೆಲುವಾಗಿ ಓಡಿದರೂ, ಆಡಳಿತದ ನಿರ್ಧಾರಗಳಿಗೆ ಆಧಾರವಾಗಿ ಅಂಗೀಕರಿಸಲಾಗದೆಂಬುದು ನಮ್ಮ ಅಭಿಪ್ರಾಯ.