ಸ್ಥಾಯಿಯಾಗದ ಸ್ಮೃತಿ: ಜಾರ್ಜೆಟ್ ಹೇಯರ್ ಅವರ 'ಬಾತ್ ಟ್ಯಾಂಗಲ್' ಕಾದಂಬರಿಯಲ್ಲಿ ಪುನರ್ಮಿಲನ

ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜ್ ಮನೋವ್ಯಾಧಿಯಿಂದ ಆಳಲು ಅಸಮರ್ಥನಾದಾಗ ಅವನ ಹಿರಿಯ ಮಗನು ರಾಜಪ್ರತಿನಿಧಿಯಾಗಿ ಆಡಳಿತ ನಡೆಸಿದ 1811ರಿಂದ 1820ರವರೆಗಿನ ಅವಧಿಗೆ ರೀಜೆನ್ಸಿ ಕಾಲವೆಂದು ಹೆಸರು. ಆ ಕಾಲದ ಶ್ರೀಮಂತ ಸಮಾಜವನ್ನು ರಂಗಸ್ಥಳವಾಗಿಸಿಕೊಂಡ ಲಘು ಪ್ರಣಯ ಕಾದಂಬರಿ ಒಂದು ಪ್ರಕಾರವಾಗಿ ರೂಪುಗೊಂಡದ್ದು ಮಾತ್ರ ಇಪ್ಪತ್ತನೆಯ ಶತಮಾನದಲ್ಲಿ. ಅದೂ ಮುಖ್ಯವಾಗಿ ಜಾರ್ಜೆಟ್ ಹೇಯರ್ (1902–1974) ಅವರ ಕೈಯಲ್ಲಿ. ಬಾಲ್ಯದ ಒಡನಾಡಿಗಳೋ ಹದಿಹರೆಯದ ಪ್ರೇಮಿಗಳೋ ವರ್ಷಗಳ ಅಗಲಿಕೆಯ ಬಳಿಕ ಮತ್ತೆ ಭೇಟಿಯಾಗುವುದು ಈ ಪ್ರಕಾರದ ಅತ್ಯಂತ ಜನಪ್ರಿಯ ಆಶಯಗಳಲ್ಲೊಂದು. ಓದುಗರಿಗೆ ಸುಲಭವಾದ ಸಮಾಧಾನ ಒದಗಿಸುವ ತಂತ್ರವೆಂದು ಇದನ್ನು ಬದಿಗೆ ಸರಿಸುವುದು ವಿಮರ್ಶೆಯ ರೂಢಿ. ಆದರೆ ಈ ಆಶಯವನ್ನು ಮೊದಲಾಗಿ ಸಂದೇಹಿಸಿದವರಲ್ಲಿ ಸ್ವತಃ ಹೇಯರ್ ಒಬ್ಬರೆಂಬುದು ಅವರ ಕೃತಿಗಳನ್ನು ಗಮನವಿಟ್ಟು ಓದಿದಾಗ ಮನಗಾಣುವ ಸಂಗತಿ.

1944ರ 'ಫ್ರೈಡೇಸ್ ಚೈಲ್ಡ್' ಕಾದಂಬರಿಯಲ್ಲೇ ಇದರ ಸುಳಿವಿದೆ. ಸುಂದರಿಯೊಬ್ಬಳಿಂದ ತಿರಸ್ಕೃತನಾದ ಲಾರ್ಡ್ ಶೆರಿಂಗ್‌ಹ್ಯಾಮ್, ಎದುರಾಗುವ ಮೊದಲ ಹೆಣ್ಣನ್ನೇ ಮದುವೆಯಾಗುವೆನೆಂದು ಹೊರಡುತ್ತಾನೆ. ಎದುರಾಗುವವಳು ಬಾಲ್ಯದ ಗೆಳತಿ ಹೀರೊ. ಅವಳು ಮೊದಲಿನಿಂದಲೂ ಅವನನ್ನು ಆರಾಧಿಸಿದವಳು. ಅವನಿಗೋ ಅವಳು ಹೇಳಿದ್ದನ್ನೆಲ್ಲ ಕೇಳುತ್ತಿದ್ದ ಚಿಕ್ಕ ಹುಡುಗಿ ಮಾತ್ರ. ಬಾಲ್ಯದ ಸಲಿಗೆಯೇ ದಾಂಪತ್ಯಕ್ಕೆ ಅಡ್ಡಿಯಾಗುತ್ತದೆ. ಆ ಸಲಿಗೆಯನ್ನು ಮರೆತು ಹೆಂಡತಿಯನ್ನು ಹೊಸದಾಗಿ ಕಾಣುವವರೆಗೆ ಅವನಿಗೆ ಪ್ರೇಮ ದಕ್ಕುವುದಿಲ್ಲ.

1955ರಲ್ಲಿ ಪ್ರಕಟವಾದ 'ಬಾತ್ ಟ್ಯಾಂಗಲ್' ಇನ್ನೂ ಮುಂದೆ ಹೋಗುತ್ತದೆ. ತಂದೆಯನ್ನು ಕಳೆದುಕೊಂಡ ಇಪ್ಪತ್ತೈದರ ಸೆರೀನಾ, ವಯಸ್ಸಿನಲ್ಲಿ ತನಗಿಂತ ಕಿರಿಯಳಾದ ಮಲತಾಯಿ ಫ್ಯಾನಿಯೊಡನೆ ಬಾತ್ ನಗರಕ್ಕೆ ಬಂದು ನೆಲೆಸುತ್ತಾಳೆ. ಅಲ್ಲಿ ಮೇಜರ್ ಹೆಕ್ಟರ್ ಕರ್ಬಿ ಆಕಸ್ಮಿಕವಾಗಿ ಎದುರಾಗುತ್ತಾನೆ. ಹತ್ತೊಂಬತ್ತರ ಹರೆಯದಲ್ಲಿ ಅವಳು ಪ್ರೀತಿಸಿದ್ದ, ಅಂತಸ್ತು ಸಾಲದೆಂದು ಹಿರಿಯರು ದೂರ ಮಾಡಿದ್ದ ಯೋಧ ಅವನು. ಈಗ ಯಾವ ಅಡ್ಡಿಯೂ ಇಲ್ಲ. ಸಾಮಾನ್ಯ ಲೇಖಕರಾಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಹೇಯರ್ ಅವರಲ್ಲಿ ಕಥೆ ಆರಂಭವಾಗುವುದೇ ಇಲ್ಲಿಂದ.

ಜೇನ್ ಆಸ್ಟಿನ್ ಅವರ ಮರಣಾನಂತರ, 1817ರ ಕೊನೆಯಲ್ಲಿ ಪ್ರಕಟವಾದ 'ಪರ್ಸುಯೇಷನ್' ಕಾದಂಬರಿಯನ್ನು ಬಲ್ಲವರಿಗೆ ಈ ಸನ್ನಿವೇಶ ಪರಿಚಿತವೆನಿಸುತ್ತದೆ. ಹತ್ತೊಂಬತ್ತರಲ್ಲಿ ಹಿರಿಯರ ಮಾತಿಗೆ ಮಣಿದು ನೌಕಾಧಿಕಾರಿ ವೆಂಟ್‌ವರ್ತ್‌ನನ್ನು ಕೈಬಿಟ್ಟ ಆ್ಯನ್, ಎಂಟು ವರ್ಷಗಳ ಬಳಿಕ ಅವನನ್ನು ಮರಳಿ ಪಡೆಯುವುದು ಇದೇ ಬಾತ್ ನಗರದಲ್ಲಿ. ನಾಯಕಿಯ ವಯಸ್ಸು, ಹಿರಿಯರ ಅಸಮ್ಮತಿ, ಯುದ್ಧದಿಂದ ಮರಳಿದ ಪ್ರಿಯಕರ, ಊರು ಎಲ್ಲವೂ ಹೊಂದುತ್ತವೆ. ಆಸ್ಟಿನ್ ಅವರ ಗಾಢ ಅಭಿಮಾನಿಯಾಗಿದ್ದ ಹೇಯರ್ ಅವರಿಗೆ ಈ ಹೋಲಿಕೆ ತಿಳಿಯದೆ ಬಂದದ್ದೆಂದು ನಂಬುವುದು ಕಷ್ಟ. 'ಬಾತ್ ಟ್ಯಾಂಗಲ್' ಅನ್ನು 'ಪರ್ಸುಯೇಷನ್'ಗೆ ನೀಡಿದ ವಿನೋದದ ಉತ್ತರವೆಂದು ಓದಬಹುದು.

ಭಾರತೀಯ ಕಾವ್ಯಮೀಮಾಂಸೆಯ ಪರಿಭಾಷೆ ಇಲ್ಲಿ ನೆರವಿಗೆ ಬರುತ್ತದೆ. ಶೃಂಗಾರದ ಸ್ಥಾಯಿಭಾವ ರತಿ. ಸ್ಮೃತಿಯಾದರೋ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಒಂದು, ಬಂದು ಹೋಗುವಂಥದು. ಆ್ಯನ್‌ಳ ಸ್ಮೃತಿ ಎಂಟು ವರ್ಷ ರತಿಯನ್ನು ಪೋಷಿಸುತ್ತದೆ. ಸೆರೀನಾ ಮತ್ತು ಹೆಕ್ಟರ್ ಸ್ಮೃತಿಯನ್ನೇ ರತಿಯೆಂದು ಭ್ರಮಿಸುತ್ತಾರೆ. ಅವನು ಇಷ್ಟು ವರ್ಷ ಮನದಲ್ಲಿ ಹೊತ್ತು ತಿರುಗಿದ್ದು ಒಂದು ದೇವತಾಮೂರ್ತಿಯನ್ನು. ಎದುರಿಗಿರುವವಳು ಚುರುಕು ನಾಲಗೆಯ, ದಿಟ್ಟ ಸವಾರಿಯ, ಯಾರ ಅಪ್ಪಣೆಗೂ ಕಾಯದ ಹೆಣ್ಣು. ಅವನ ಸೌಜನ್ಯ ಅವಳಿಗೆ ಬೇಸರ ತರುತ್ತದೆ. ಅವಳ ಸ್ವಾತಂತ್ರ್ಯ ಅವನನ್ನು ಗಾಬರಿಗೊಳಿಸುತ್ತದೆ. ಅವನ ಮನಸ್ಸು ಮೆಲ್ಲನೆ ಮೃದು ಸ್ವಭಾವದ ಫ್ಯಾನಿಯತ್ತ ಹರಿಯುತ್ತದೆ. ಇಬ್ಬರೂ ಕೆಟ್ಟವರಲ್ಲ, ಯಾರೂ ಯಾರನ್ನೂ ವಂಚಿಸಿಲ್ಲ. ಹಾಸ್ಯದ ಮೂಲ ಇರುವುದು ಈ ನಿರ್ದೋಷಿತ್ವದಲ್ಲೇ.

ಈ ಹಾಸ್ಯದ ಅಡಿಯಲ್ಲಿ ಗಟ್ಟಿಯಾದ ನೆಲವೊಂದಿದೆ. ಮಾತುಕೊಟ್ಟ ಗಂಡು ನಿಶ್ಚಿತಾರ್ಥ ಮುರಿಯುವಂತಿಲ್ಲ. ಮುರಿಯುವ ಅಧಿಕಾರ ಹೆಣ್ಣಿನದು ಮಾತ್ರ. ವಚನಭಂಗಕ್ಕಾಗಿ ಪರಿಹಾರ ಕೋರುವ ದಾವೆಯನ್ನು ಇಂಗ್ಲೆಂಡಿನಲ್ಲಿ ರದ್ದುಪಡಿಸಿದ್ದು 1970ರ ಶಾಸನ ಎಂಬುದನ್ನು ನೆನೆದರೆ ಈ ಕಟ್ಟುಪಾಡಿನ ಬಲ ತಿಳಿಯುತ್ತದೆ. ಹೆಕ್ಟರ್ ಮೌನವಾಗಿ ಬೇಯುವುದು ಈ ಕಾರಣಕ್ಕೆ. ಹಿಂದೆ ಸೆರೀನಾಳಿಗೆ ನಿಶ್ಚಯವಾಗಿದ್ದು ಮದುವೆಗೆ ಮುನ್ನ ಅವಳಿಂದಲೇ ತಿರಸ್ಕೃತನಾಗಿದ್ದ ಮಾರ್ಕ್ವಿಸ್ ರಾಥರ್‌ಹ್ಯಾಮ್ ಕೂಡ ಇದೇ ಬಲೆಯಲ್ಲಿ ಸಿಲುಕುತ್ತಾನೆ. ಹಟದಿಂದ ಎಮಿಲಿ ಎಂಬ ಎಳೆಯ ಹುಡುಗಿಗೆ ಮಾತುಕೊಟ್ಟ ಅವನು, ಅವಳೇ ಹೆದರಿ ಹಿಂದೆ ಸರಿಯಲೆಂದು ಒರಟಾಗಿ ನಡೆದುಕೊಳ್ಳುತ್ತಾನೆ. ನಗು ತರಿಸುವ ಈ ಪ್ರಸಂಗದಲ್ಲಿ ಕ್ರೌರ್ಯವೂ ಇದೆ. ಎಮಿಲಿಯ ಭಯವನ್ನು ಹೇಯರ್ ತುಸು ಹಗುರವಾಗಿಯೇ ತೆಗೆದುಕೊಂಡಿದ್ದಾರೆ ಎನ್ನದೆ ವಿಧಿಯಿಲ್ಲ. ಆ ಹುಡುಗಿಗಾಗಿ ನಿಜವಾಗಿ ಮರುಗುವ ಪಾತ್ರ, ಕುಲೀನರು ಒರಟೆಂದು ಮೂಗು ಮುರಿಯುವ ಅಜ್ಜಿ ಮಿಸೆಸ್ ಫ್ಲೋರ್. ಕಾದಂಬರಿಯ ಅತ್ಯಂತ ಜೀವಂತ ಪಾತ್ರವೂ ಅವಳೇ.

ಕೊನೆಯಲ್ಲಿ ಸೆರೀನಾ ಸೇರುವುದು ರಾಥರ್‌ಹ್ಯಾಮ್‌ನನ್ನು. ಹಾಗೆ ನೋಡಿದರೆ ಪುನರ್ಮಿಲನ ತಪ್ಪಿಲ್ಲ, ವ್ಯಕ್ತಿ ಬದಲಾಗಿದ್ದಾನೆ. ಮಧುರವಾಗಿ ನೆನಪಿನಲ್ಲಿ ಉಳಿದವನಿಗಿಂತ, ಜಗಳವಾಡುತ್ತ ಕಣ್ಣೆದುರಿಗೇ ಉಳಿದವನು ಅವಳಿಗೆ ಹತ್ತಿರದವನು. ಇಬ್ಬರ ಸಂಭಾಷಣೆಯ ವೇಗ, ಮೊನಚುಗಳು ಈ ಆಯ್ಕೆಯನ್ನು ಮೊದಲ ಅಧ್ಯಾಯಗಳಿಂದಲೇ ಸಮರ್ಥಿಸುತ್ತವೆ. ಆದರೂ ತಂದೆಯ ಮರಣಶಾಸನದ ಒಂದು ಷರತ್ತು ಓದುಗರನ್ನು ಕಾಡದೆ ಬಿಡದು. ಸೆರೀನಾಳ ಆಸ್ತಿಯ ವಿಶ್ವಸ್ತನಾಗಿ ರಾಥರ್‌ಹ್ಯಾಮ್‌ನನ್ನೇ ನೇಮಿಸಿದ ತಂದೆ, ಅವಳ ಮದುವೆಗೆ ಅವನ ಒಪ್ಪಿಗೆ ಅಗತ್ಯವೆಂದು ಬರೆದಿಟ್ಟಿದ್ದಾನೆ. ಷರತ್ತನ್ನು ಕೇಳಿದಾಗ ಅವಳು ಕೋಪದಿಂದ ಸಿಡಿಯುತ್ತಾಳೆ. ಸುಖಾಂತದಲ್ಲಿ ಅದೇ ಷರತ್ತು ತಂದೆಯ ದೂರದೃಷ್ಟಿಯಂತೆ ತೋರತೊಡಗುತ್ತದೆ. ಆ ಕೋಪ ನ್ಯಾಯವಾದದ್ದೇ ಎಂಬ ಪ್ರಶ್ನೆಯನ್ನು ಮಾತ್ರ ಕಾದಂಬರಿ ಮತ್ತೆ ಕೈಗೆತ್ತಿಕೊಳ್ಳುವುದಿಲ್ಲ.