ಎಂಜಿನ್ ಕೂರುವ ಜಾಗ
ಟೊಯೋಟಾ ತನ್ನ ಎಂಆರ್2 ಕಾರನ್ನು ಮತ್ತೆ ತರಲಿದೆ ಎಂಬ ಗಾಳಿಮಾತಿನಲ್ಲಿ ಮೆಚ್ಚಬೇಕಾದ್ದು ಅಶ್ವಶಕ್ತಿಯ ಲೆಕ್ಕವಲ್ಲ, ಎಂಜಿನ್ ಕೂರುವ ಜಾಗ. 1984ರಿಂದ 2007ರವರೆಗೆ ತಯಾರಾದ ಆ ಕಾರಿನಲ್ಲಿ ಎಂಜಿನ್ ಸೀಟಿನ ಹಿಂದೆ, ಹಿಂದಿನ ಗಾಲಿಗಳ ಮುಂದೆ ಇತ್ತು. ಭಾರ ನಡುವಿಗೆ ಬಂದಷ್ಟೂ ಕಾರು ಚುರುಕಾಗಿ ತಿರುಗುತ್ತದೆ. ಆದರೆ ತಿರುವಿನಲ್ಲಿ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಜಾರೀತು. ಸುಲಭದ ದಾರಿಯಲ್ಲ. 2025ರ ಜನವರಿಯಲ್ಲಿ ಕಂಪನಿ ಜಪಾನಿನಲ್ಲಿ ತೋರಿಸಿದ ಜಿಆರ್ ಯಾರಿಸ್ ಎಂ ಮಾದರಿಯಲ್ಲೂ ಎರಡು ಲೀಟರಿನ ಟರ್ಬೊ ಎಂಜಿನ್ ನಡುವಿನಲ್ಲೇ ಕೂತಿತ್ತು; ವದಂತಿಗೆ ಇಷ್ಟಾದರೂ ಆಧಾರವುಂಟು. ಎರೆಭೂಮಿಯ ಆಳಂದ, ಅಫಜಲಪುರ, ಜೇವರ್ಗಿಗೆ ನೆಲಕ್ಕಂಟಿದ ಈ ಕಾರು ಯಾಕೆ ಎನ್ನಬಹುದು. ಓಡಿಸಲು ಬೇಡ, ಒಪ್ಪಿದೆ. ಆದರೆ ಎತ್ತರಕ್ಕೆ ಕಬ್ಬು ಹೇರಿದ ಟ್ರ್ಯಾಲಿ ತಿರುವಿನಲ್ಲಿ ಹೇಗೆ ವಾಲುತ್ತದೆಂದು ಬಲ್ಲವರಿಗೆ ಭಾರ ಎಲ್ಲಿರಬೇಕೆಂಬ ಜಪಾನಿನ ಎಂಜಿನಿಯರನ ಪ್ರಶ್ನೆ ಹೊಸದೇನಲ್ಲ. ಅಶ್ವಶಕ್ತಿ ಎಷ್ಟೆಂಬ ಚರ್ಚೆ ಕಂಪನಿ ಬಾಯಿಬಿಡುವವರೆಗೆ ಕಾಯಲಿ.