ಐದು ನಿಮಿಷದ ನೀರು

ಬಸವಕಲ್ಯಾಣ, ಹುಮನಾಬಾದ್ ಕಡೆಯ ಎತ್ತರದ ನೆಲದಲ್ಲಿ ಮೇಲೆ ಕೆಂಪು ಜಂಬಿಟ್ಟಿಗೆ, ಅದರಡಿ ಪದರ ಪದರ ಬಸಾಲ್ಟ್. ತೆರೆದ ಬಾವಿಗೆ ಒಸರುವುದು ಹೆಚ್ಚಾಗಿ ಮೇಲಿನ ನೀರು. ಬೋರಿಗೆ ಬರುವುದು ಆಳದ ಬಿರುಕುಗಳ ನೀರು. ಹಾಗಾಗಿ ಇಲ್ಲಿ ಅಂತರ್ಜಲದ ಮಾದರಿ ಎತ್ತುವ ಕ್ರಮವೇ ಪರೀಕ್ಷೆಯ ಅರ್ಧ ಫಲಿತಾಂಶ.

ಆ ಕ್ರಮವನ್ನು ಹೇಳುವ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2007–08ರ ಮಾರ್ಗಸೂಚಿಯಲ್ಲಿ ಮೆಚ್ಚಬೇಕಾದದ್ದು ಸಾಕಷ್ಟಿದೆ. ಬಳಕೆ ನಿಂತ ತೆರೆದ ಬಾವಿಯಿಂದ ಗುಣಮಟ್ಟದ ಮಾದರಿ ಬೇಡ ಎನ್ನುತ್ತದೆ. ಬಕೆಟ್ಟಿನಲ್ಲಿ ಮೇಲ್ನೀರು ಸೇದದೆ, ಭಾರ ಕಟ್ಟಿದ ಬಾಟಲಿಯನ್ನು ಸುಮಾರು 30 ಸೆಂ.ಮೀ. ಕೆಳಗಿಳಿಸಿ ತುಂಬಿಸಲು ಹೇಳುತ್ತದೆ. ಖರ್ಚಿಲ್ಲದ, ಯಾರಾದರೂ ಪಾಲಿಸಬಹುದಾದ ಒಳ್ಳೆಯ ಮಾತುಗಳಿವು.

ತೊಡಕಿರುವುದು ಕೊಳವೆಬಾವಿಯಲ್ಲಿ. ಸುಮಾರು 5 ನಿಮಿಷ ಮೋಟಾರ್ ಓಡಿಸಿ ನೀರು ಹಿಡಿಯಿರಿ ಎಂಬುದು ನಿಯಮ. ದಿನವೂ ಊರಿಗೆ ನೀರು ಕೊಡುವ ಬೋರಿಗೆ ಇಷ್ಟು ಸಾಕಾದೀತು. ವಾರಗಟ್ಟಲೆ ನಿಂತ ಬೋರಿಗೆ? 150 ಮಿ.ಮೀ. ವ್ಯಾಸದ ಕೊಳವೆಯಲ್ಲಿ 60 ಮೀಟರ್ ನೀರು ನಿಂತಿದ್ದರೆ ಅದು ಹೆಚ್ಚುಕಡಿಮೆ 1,060 ಲೀಟರ್. ನಿಮಿಷಕ್ಕೆ 60 ಲೀಟರ್ ಎತ್ತುವ ಮೋಟಾರ್ 5 ನಿಮಿಷದಲ್ಲಿ ಹೊರಹಾಕುವುದು 300 ಲೀಟರ್ ಮಾತ್ರ. ಬಾಟಲಿಗೆ ಬಿದ್ದದ್ದರಲ್ಲಿ ಹಳೆಯ ನೀರೆಷ್ಟು, ಬಿರುಕಿನಿಂದ ಹೊಸದಾಗಿ ಬಂದದ್ದೆಷ್ಟು ಎಂದು ಗಡಿಯಾರ ಹೇಳಲಾರದು.

ಪಿಜೋಮೀಟರಿಗೆ, ಅಂದರೆ ಅಂತರ್ಜಲ ಮಟ್ಟ ಅಳೆಯಲು ಕೊರೆದ ಕೊಳವೆಗೆ, ಇದೇ ಮಾರ್ಗಸೂಚಿ ಇನ್ನೊಂದು ತುದಿಗೆ ಹೋಗುತ್ತದೆ: ನಿಂತ ನೀರಿನ 4ರಿಂದ 5 ಪಟ್ಟು ಹೊರಹಾಕಬೇಕು. ಮರಳು ನೆಲದಲ್ಲಿ ಸರಿ. ಒರತೆ ಕಡಿಮೆಯಿರುವ ಬಸಾಲ್ಟಿನಲ್ಲಿ ಅಷ್ಟರೊಳಗೆ ಬಾವಿಯೇ ಬರಿದಾಗಬಹುದು; ಬಿರುಕುಗಳಿಂದ ನೀರು ಕೊಳವೆಯೊಳಗೆ ಸುರಿಯುವಾಗ ಗಾಳಿ ಬೆರೆತು, ಆವಿಯಾಗುವ ದ್ರಾವಕಗಳು ಹಾರಿಹೋಗುತ್ತವೆ. ಹುಮನಾಬಾದಿನ ಕೈಗಾರಿಕಾ ಪ್ರದೇಶದ ಸುತ್ತ ಹುಡುಕಬೇಕಾದದ್ದು ಇಂಥವನ್ನೇ.

ಇದಕ್ಕಿಂತ ನಂಬಬಹುದಾದ ದಾರಿ ಹೊಸದೇನಲ್ಲ. ಅಮೆರಿಕದ ಪರಿಸರ ಸಂಸ್ಥೆ 1996ರಲ್ಲೇ ಪ್ರಕಟಿಸಿದ ನಿಧಾನ ಪಂಪಿಂಗ್ ವಿಧಾನದಲ್ಲಿ ನೀರೆತ್ತುವುದು ನಿಮಿಷಕ್ಕೆ 0.1ರಿಂದ 0.5 ಲೀಟರ್. ಪಿಎಚ್ 0.1ರೊಳಗೆ, ವಿದ್ಯುತ್ ವಾಹಕತೆ ಶೇ. 3ರೊಳಗೆ, ಸತತ ಮೂರು ಅಳತೆಯಲ್ಲಿ ನಿಂತ ಮೇಲಷ್ಟೇ ಬಾಟಲಿ ಹಿಡಿಯುತ್ತಾರೆ. ಪಂಪು ದುಬಾರಿ, ನಿಜ. ಆದರೆ ಮೀಟರ್ ನೋಡುತ್ತ ಕಾಯುವ ಪಾಠವನ್ನು ಮಾಮೂಲಿ ಬೋರಿಗೂ ಅನ್ವಯಿಸಬಹುದು. ಅದಕ್ಕೆ ಕೈಯಲ್ಲಿ ಹಿಡಿಯುವ ಒಂದು ಮೀಟರ್ ಸಾಕು.

ಬಾವಿಯ ಆಳ, ಕೇಸಿಂಗ್ ಎಲ್ಲಿಯವರೆಗಿದೆ, ಮೋಟಾರ್ ಎಷ್ಟು ಹೊತ್ತು ಓಡಿತು, ಕೊನೆಯ ಮೂರು ಅಳತೆ ಎಷ್ಟು, ಇವು ಮಾದರಿಯ ಚೀಟಿಯಲ್ಲಿ ಇರಲೇಬೇಕು. ಇವಿಲ್ಲದೆ ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ. ಮಿತಿ ಮೀರಿದೆ ಎಂದು ವರದಿ ಬಂದರೆ, ಗ್ರಾಮ ಪಂಚಾಯಿತಿ ಮುಚ್ಚಬೇಕಾದದ್ದು ಮೇಲಿನ ಬಾವಿಯನ್ನೋ ಆಳದ ಬೋರನ್ನೋ ಎಂಬುದು ತಿಳಿಯುವುದಿಲ್ಲ.